ನಾಲ್ಕನೇ ನಂಬರಿನ ಹನ್ನೆರಡು ಮಂದಿ

ರಾಯದುರ್ಗದ ಜೀನ್ಸ್ ಹೊಲಿಗೆಯ ಮಾಸ್ತರ ಕೊಟ್ರಬಸಪ್ಪನಿಗೆ ಬೀಡಿ, ಎಲೆಅಡಿಕೆ, ಇಸ್ಪೀಟು, ಇಂಥ ಯಾವ ಚಟವೂ ಇರಲಿಲ್ಲ. ಇದ್ದದ್ದು ಒಂದೇ ತೊಂದರೆ. ಯಾರು ಏನು ಕೇಳಿದರೂ ‘ಗೊತ್ತಿಲ್ಲ’ ಎನ್ನುವ ಮಾತು ಅವನ ಗಂಟಲು ದಾಟಿ ಮೇಲೆ ಬರುತ್ತಿರಲಿಲ್ಲ. ಹಿಂದೊಮ್ಮೆ ಹೆಣ್ಣು ನೋಡಲು ಬಂದಿದ್ದ ಕೂಡ್ಲಿಗಿ ಕಡೆಯವರು ದಾರಿ ಕೇಳಿದಾಗ, ತನಗೆ ಪರಿಚಯವೇ ಇಲ್ಲದ ಮನೆಯೊಂದಕ್ಕೆ ಖಡಾಖಂಡಿತವಾಗಿ ಬೆರಳು ತೋರಿಸಿ ಕಳಿಸಿದ್ದ. ಅವರು ಆ ಮನೆಯಲ್ಲಿ ಉಪ್ಪಿಟ್ಟು ತಿಂದು, ಅಲ್ಲಿದ್ದ ಹುಡುಗಿಯನ್ನು ಒಪ್ಪಿಕೊಂಡು, ಎಲೆಅಡಿಕೆ ಬದಲಾಯಿಸಿಕೊಂಡ ಮೇಲೆಯೇ ಮನೆ ತಪ್ಪಿದ್ದು ತಿಳಿದದ್ದು. ಆ ಗಂಡಹೆಂಡತಿ ಇವತ್ತಿಗೂ ಚೆನ್ನಾಗಿ ಬಾಳುತ್ತಿದ್ದಾರೆ. ಹೀಗಾಗಿ ಕೊಟ್ರಬಸಪ್ಪನಿಗೆ ತಿದ್ದಿಕೊಳ್ಳಲು ಸಿಕ್ಕಿದ್ದ ಒಳ್ಳೆಯ ಅವಕಾಶವೊಂದು ಕೈತಪ್ಪಿಹೋಯಿತು.

ಆಗ ಊರಿನ ಓಣಿಓಣಿಯಲ್ಲೂ ಹೊಲಿಗೆ ಮಿಷಿನ್ನುಗಳು ಬೆಳಗಿನಿಂದ ಸಂಜೆಯವರೆಗೆ ಗುಯ್‌ಗುಟ್ಟುತ್ತಿದ್ದವು. ಕಡಲೆಕಾಯಿ ಬಿತ್ತುತ್ತಿದ್ದವರೂ ಕುರಿ ಮಾರಿದವರೂ ಜೀನ್ಸ್ ಪ್ಯಾಂಟಿನ ಜೇಬು ಹೊಲಿಯುವುದಕ್ಕೆ ಕುಳಿತಿದ್ದರು. ಕೊಟ್ರಬಸಪ್ಪ ಮನೆಯ ಮುಂದಿನ ಪಡಸಾಲೆಯಲ್ಲಿ ಕೆಲವು ಮಿಷಿನ್ನು ಹಾಕಿಸಿ, ಬಟ್ಟೆ ಕತ್ತರಿಸುವ ಕೆಲಸ ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡಿದ್ದ. ಅಳತೆಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮನುಷ್ಯ ಎದುರಿಗೆ ಬಂದರೆ ಮುಖಕ್ಕಿಂತ ಮೊದಲು ಸೊಂಟ ನೋಡುತ್ತಿದ್ದ.

ಒಂದು ದಿನ ನಿವೃತ್ತ ಪೋಸ್ಟ್‌ಮಾಸ್ಟರ್ ಗಂಗಾಧರಪ್ಪ ಅವನಲ್ಲಿಗೆ ಬಂದರು. ಒಂದು ಕಾಲಕ್ಕೆ ಅವರು ರಾಯದುರ್ಗದ ಬಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಹೈಸ್ಕೂಲಿನ ಹಿಂದಿನ ಹಳೆಯ ಕೋರ್ಟಿಗೆ ಹೊಸದಾಗಿ ಸಿಮೆಂಟು ಬಿದ್ದಿತ್ತು. ಅದನ್ನು ತೆರೆಯುವ ದಿನ ಹಳೆಯ ಆಟಗಾರರಿಗೆ ಸನ್ಮಾನ, ಆಮೇಲೆ ಒಂದು ಸ್ನೇಹದ ಆಟ ಎಂದು ತೀರ್ಮಾನವಾಗಿತ್ತು. ಹಿಂದೆ ಜಿಲ್ಲೆಯ ಪಂದ್ಯ ನಡೆದರೆ ಕೊನೆಗೆ ಉಳಿಯುತ್ತಿದ್ದವರು ರಾಯದುರ್ಗದವರು ಮತ್ತು ಮಡಕಶಿರದವರು. ಈ ಸಲ ಎರಡೂ ಕಡೆಯಿಂದ ಆರಾರು ಮಂದಿಯನ್ನು ಕರೆದು, ಬೆರೆಸಿ ಎರಡು ತಂಡ ಮಾಡುವುದೆಂದು ಗಂಗಾಧರಪ್ಪನವರೇ ಹೇಳಿದ್ದರು. ಬೆರೆಸದಿದ್ದರೆ ಸ್ನೇಹದ ಆಟಕ್ಕೆ ಪೊಲೀಸರನ್ನು ಕರೆಸಬೇಕಾಗುತ್ತದೆ ಎಂಬುದು ಅವರ ಅನುಭವ.

ಹನ್ನೆರಡು ನೀಲಿ ಅಂಗಿ, ಬೆನ್ನ ಮೇಲೆ ನಂಬರು. ಮಡಕಶಿರದವರ ಅಳತೆ ಚೀಟಿಯಲ್ಲಿ ಬರೆದು ಬಂದಿತ್ತು. ಹೊರಡುವಾಗ ಗಂಗಾಧರಪ್ಪ ಬಾಗಿಲಲ್ಲಿ ನಿಂತು, “ನಂಬರ್ ಹೆಂಗ ಹಾಕಬೇಕು ಗೊತ್ತೈತಲ್ಲ ಮಾಸ್ತರ?” ಎಂದು ಕೇಳಿದರು.

“ಗೊತ್ತೈತ್ರಿ,” ಎಂದ ಕೊಟ್ರಬಸಪ್ಪ.

ಗೊತ್ತಿರಲಿಲ್ಲ. ಆ ಆಟದಲ್ಲಿ ಆಗ ಅಂಗಿಯ ನಂಬರು ನಾಲ್ಕರಿಂದ ಶುರುವಾಗುತ್ತಿತ್ತು. ಒಂದು, ಎರಡು, ಮೂರು ಎಂಬವು ರೆಫರಿ ಬೆರಳೆತ್ತಿ ಪಾಯಿಂಟು ತೋರಿಸುವುದಕ್ಕೆ. ಅವನ್ನು ಯಾರೂ ಬೆನ್ನ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ನಾಲ್ಕನೇ ನಂಬರು ಸಾಮಾನ್ಯವಾಗಿ ಕ್ಯಾಪ್ಟನ್ನಿನದು. ಇದು ಆಟ ಆಡಿದವರಿಗೆಲ್ಲ ತಿಳಿದ ಸಂಗತಿ. ಕೊಟ್ರಬಸಪ್ಪ ಆಟ ಆಡಿದವನಲ್ಲ, ನೋಡಿದವನೂ ಅಲ್ಲ. ಅವನು ತನ್ನ ಕಸುಬಿನ ಪ್ರಕಾರ ನಡೆದ. ದೊಡ್ಡ ಅಳತೆಯನ್ನು ಮೊದಲು ಕತ್ತರಿಸಿದರೆ ಉಳಿದ ಬಟ್ಟೆಯಲ್ಲಿ ಸಣ್ಣ ಅಳತೆ ಕೂರುತ್ತದೆ. ಹನ್ನೆರಡು ಮಂದಿಯಲ್ಲಿ ಎಲ್ಲರಿಗಿಂತ ಸುತ್ತಳತೆ ಹೆಚ್ಚಿದ್ದವನು ಗೊಬ್ಬರದಂಗಡಿ ಹನುಮಂತರಾಯ. ಅವನ ಅಂಗಿ ಮೊದಲು ಕತ್ತರಿಸಿದ್ದರಿಂದ ಅದಕ್ಕೆ ಒಂದನೇ ನಂಬರು ಬಿತ್ತು. ಕಡ್ಡಿಯಂತಿದ್ದ ಗಂಗಾಧರಪ್ಪನವರಿಗೆ ಒಂಬತ್ತು. ಎಲ್ಲಕ್ಕಿಂತ ಸಣ್ಣ ಅಂಗಿ ಮಡಕಶಿರ ಕಡೆಯ ಸೌಭಾಗ್ಯ ಎಂಬ ಹೆಣ್ಣುಮಗಳದು, ಅದಕ್ಕೆ ಹನ್ನೆರಡು. ಬಿಳಿ ಬಟ್ಟೆಯಲ್ಲಿ ಅಂಕಿಗಳನ್ನು ಕತ್ತರಿಸಿ ಅಂಗಿಗೆ ಹೊಲಿದು, ಚಾಕ್‌ಪೀಸಿನ ಗುರುತು ಹೋಗಲೆಂದು ನೀರಿಗೆ ಹಾಕಿ, ಯಾವುದು ಯಾರದೆಂದು ತಿಳಿಯಲು ಹೆಸರು ಬರೆದ ಚಿಂದಿ ಚುಚ್ಚಿ, ಮನೆಯ ಮುಂದಿನ ಹಗ್ಗದ ಮೇಲೆ ಸಾಲಾಗಿ ಒಣಗಲು ಬಿಟ್ಟ.

ಹಗ್ಗ ಬೀದಿಗೆ ಮುಖ ಮಾಡಿತ್ತು. ದಾರಿಯಲ್ಲಿ ಹೋಗುವವರು ನಿಂತು ಓದತೊಡಗಿದರು. ಆಟ ತಿಳಿದ ಯಾರೋ ಒಬ್ಬರು, ಅಂಗಿಗೆ ಒಂದನೇ ನಂಬರು ಹಾಕುವ ಪದ್ಧತಿಯೇ ಇಲ್ಲ, ಆದ್ದರಿಂದ ಇದು ಅಂಗಿಯ ನಂಬರಲ್ಲ, ರ‍್ಯಾಂಕು ಎಂದು ಬಿಡಿಸಿ ಹೇಳಿದರು. ಇಷ್ಟು ವರ್ಷದ ಆಟಗಾರರಲ್ಲಿ ಯಾರು ದೊಡ್ಡವರು, ಯಾರು ಅವರ ನಂತರದವರು ಎಂದು ಜೀನ್ಸ್ ಮಾಸ್ತರ ತೀರ್ಮಾನಿಸಿದ್ದಾನೆ ಎಂಬ ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಬಸ್ ಸ್ಟ್ಯಾಂಡ್ ಮುಟ್ಟಿತು. ಹನುಮಂತರಾಯ ಗೊಬ್ಬರದಂಗಡಿಗೆ ಬಂದ ರೈತರಿಗೆಲ್ಲ ಮೈಸೂರುಪಾಕು ಹಂಚಿದ. ಯೂರಿಯಾ ಕೇಳಲು ಬಂದಿದ್ದವರು ಯಾಕೆಂದು ತಿಳಿಯದೆ ತಿಂದು, ಎರಡನೇ ಸಲವೂ ಕೈಚಾಚಿದರು.

ಸಂಜೆ ಗಂಗಾಧರಪ್ಪ ಬಂದರು. ಪೋಸ್ಟಾಫೀಸಿನಲ್ಲಿ ಮೂವತ್ತು ವರ್ಷ ಸಿಟ್ಟು ತೋರಿಸದೆ ದುಡಿದ ಮನುಷ್ಯ. ಅವರು ಕೂಗಲಿಲ್ಲ, ಕೂರಲೂ ಇಲ್ಲ. ಹಗ್ಗದ ಮೇಲಿದ್ದ ಒಂಬತ್ತನೇ ಅಂಗಿಯನ್ನು ಒಮ್ಮೆ ಮುಟ್ಟಿ ನೋಡಿ, ಇದನ್ನು ಯಾವ ಆಧಾರದ ಮೇಲೆ ಹಾಕಿದಿರಿ ಎಂದು ಕೇಳಿದರು.

ಹೊಟ್ಟೆಯ ಆಧಾರದ ಮೇಲೆ ಎಂದು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಹನುಮಂತರಾಯನ ಮೈಸೂರುಪಾಕಿನ ಗತಿಯೇನು? ಕೊಟ್ರಬಸಪ್ಪ ಕತ್ತರಿ ಕೆಳಗಿಟ್ಟು ಗಂಭೀರನಾದ.

“ಅಳತಿ ಮಾಡೇ ಹಾಕೀನ್ರಿ,” ಎಂದ. “ಬರೇ ಆಟ ನೋಡಿದ್ರ ಆಗಂಗಿಲ್ಲ. ಮನಿಷ್ಯಾನ ತೂಕನೂ ನೋಡಬೇಕಾಗ್ತೈತಿ.”

ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗಂಗಾಧರಪ್ಪ ಆ ಮಾತಿನಲ್ಲಿ ಬೇರೆಯೇ ಆಳವನ್ನು ಕಂಡರು. ತಮ್ಮ ವ್ಯಕ್ತಿತ್ವಕ್ಕೆ ಎಲ್ಲಿ ತೂಕ ಕಡಿಮೆಯಾಯಿತು ಎಂದು ಯೋಚಿಸುತ್ತ, ಬಂದ ದಾರಿಯನ್ನು ಬಿಟ್ಟು ಬೇರೆ ಓಣಿಯಿಂದ ಮನೆಗೆ ಹೋದರು.

ಮರುದಿನದಿಂದ ಕೊಟ್ರಬಸಪ್ಪ ತಜ್ಞನಾದ. ಟೀ ಅಂಗಡಿಯಲ್ಲಿ ಬೆಂಚಿನ ತುದಿ ಅವನಿಗಾಗಿ ಖಾಲಿಯಾಗತೊಡಗಿತು. ಬುಟ್ಟಿಗೆ ಹೆಚ್ಚು ಬಾಲು ಹಾಕಿದವನು ದೊಡ್ಡವನೋ, ಹೆಚ್ಚು ಪಂದ್ಯ ಗೆಲ್ಲಿಸಿದವನು ದೊಡ್ಡವನೋ ಎಂದು ಒಬ್ಬರು ಕೇಳುವರು. ಒಂದು ವರ್ಷ ಬೆಂಕಿಯಂತೆ ಆಡಿ ನಿಂತುಹೋದವನು ಮೇಲೋ, ಹದಿನೈದು ವರ್ಷ ಒಂದೇ ಸಮ ಆಡಿದವನು ಮೇಲೋ ಎಂದು ಇನ್ನೊಬ್ಬರು. ಕೊಟ್ರಬಸಪ್ಪ ಟೀ ಕುಡಿದು, ಲೋಟ ಕೆಳಗಿಟ್ಟು, ಎರಡೂ ನೋಡಬೇಕ್ರಿ ಎನ್ನುವನು. ಇಂಥ ಸಮತೂಕದ ಮಾತು ಆ ಬೆಂಚಿನ ಮೇಲೆ ಹಿಂದೆ ಕೇಳಿಬಂದಿರಲಿಲ್ಲ.

ಆಟಗಾರರು ಒಬ್ಬೊಬ್ಬರಾಗಿ ಮನೆಗೆ ಬರತೊಡಗಿದರು. ಹನುಮಂತರಾಯ ತನ್ನ ಒಂದನೇ ನಂಬರು ಗಟ್ಟಿಮಾಡಿಕೊಳ್ಳಲು ಬಂದ. ಕಲ್ಯಾಣದುರ್ಗದವರ ಮೇಲೆ ತಾನು ಒಬ್ಬನೇ ಎಷ್ಟು ಬಾಲು ಹಾಕಿದೆನೆಂದರೆ, ಸ್ಕೋರು ಬರೆಯುತ್ತಿದ್ದ ಮೇಷ್ಟ್ರ ಪೆನ್ಸಿಲ್ಲಿನ ಮೊನೆ ಮುರಿದು ಆಟ ನಿಲ್ಲಿಸಬೇಕಾಯಿತು ಎಂದು ವರ್ಣಿಸಿದ. ಅವನು ಹೋದ ಮೇಲೆ ಬಂದ ಗಂಗಾಧರಪ್ಪ, ಅದು ನಿಜವೇ, ಆದರೆ ಆವತ್ತು ಕಲ್ಯಾಣದುರ್ಗದವರು ಮದುವೆಯ ಹೋಳಿಗೆ ಊಟ ಮುಗಿಸಿ ಬಂದಿದ್ದರು, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದರು. ಮತ್ತೆ ತಮ್ಮ ಕಾಲದ ಕಥೆ ಹೇಳಿದರು. ಬರಿಗಾಲು, ಸಣ್ಣಕಲ್ಲಿನ ಗರಸಿನ ನೆಲ. ಬುಟ್ಟಿಯ ಹಿಂದಿನ ಕಟ್ಟಿಗೆಯ ಬೋರ್ಡಿಗೆ ಒಂದು ಮೂಲೆಯಲ್ಲಿ ಗೆದ್ದಲು ಹಿಡಿದಿತ್ತು. ಅಲ್ಲಿಗೆ ತಾಗಿದ ಬಾಲು ಪುಟಿಯದೆ ಸತ್ತಂತೆ ಕೆಳಗೆ ಬೀಳುತ್ತಿತ್ತು. ಎದುರಾಳಿಯ ಬಾಲು ಆ ಮೂಲೆಗೇ ಹೋಗುವಂತೆ ಅವನನ್ನು ಒತ್ತಿ ಒತ್ತಿ ಒಂದು ಪಕ್ಕಕ್ಕೆ ತಳ್ಳಿಕೊಂಡು ಹೋಗುವುದು ಗಂಗಾಧರಪ್ಪನವರ ವಿದ್ಯೆಯಾಗಿತ್ತು.

“ಬುಟ್ಟಿಗೆ ಹಾಕಿದ್ದನ್ನ ಎಲ್ಲಾರೂ ಎಣಸ್ತಾರ,” ಎಂದರು ಅವರು. “ಬೀಳದಂಗ ತಡದದ್ದನ್ನ ಯಾರು ಎಣಸ್ತಾರ ಹೇಳ್ರಿ.”

ಕೊಟ್ರಬಸಪ್ಪ ಅವತ್ತು ಸರಿಯಾಗಿ ಊಟ ಮಾಡಲಿಲ್ಲ. ಇಂಥ ದೊಡ್ಡ ಮನುಷ್ಯರು ತನ್ನ ಊರಿನಲ್ಲಿದ್ದಾರೆ, ತಾನು ಅವರ ಸೊಂಟದ ಅಳತೆ ಮಾತ್ರ ತಿಳಿದುಕೊಂಡಿದ್ದೆ ಎಂದು ಅವನಿಗೆ ಬೇಸರವಾಯಿತು. ಜೀನ್ಸ್ ಚಿಂದಿಯನ್ನು ಉಂಡೆ ಕಟ್ಟಿ ಮೂಲೆಯ ಕಸದ ಬುಟ್ಟಿಗೆ ಎಸೆದು ನೋಡಿದ. ಬೀಳಲಿಲ್ಲ. ಇನ್ನೂ ಹತ್ತಿರ ಹೋಗಿ ಎಸೆದ. ಆಗಲೂ ಬೀಳಲಿಲ್ಲ. ಹೆಂಡತಿ ಗುರುಬಸಮ್ಮ ಬಂದು ಚಿಂದಿಗಳನ್ನೆಲ್ಲ ಬಾಚಿ ಬುಟ್ಟಿಗೆ ತುಂಬಿ, ನಂಬರನ್ನು ಹೊಟ್ಟೆ ನೋಡಿ ಹಾಕಿದ್ದೆಂದು ಒಪ್ಪಿಕೊಂಡು ಬಿಡಬಾರದೇ ಎಂದಳು. ಈಗ ಒಪ್ಪಿಕೊಂಡರೆ ಊರಿನಲ್ಲಿ ಹನುಮಂತರಾಯ ತಲೆಯೆತ್ತುವುದು ಹೇಗೆ ಎಂದು ಕೊಟ್ರಬಸಪ್ಪ ಹನುಮಂತರಾಯನ ಪರವಾಗಿ ಚಿಂತೆ ಮಾಡಿದ.

ಆಟಕ್ಕೆ ಎರಡು ದಿನ ಮೊದಲೇ ಮಡಕಶಿರದ ಕಡೆಯವರು ಬಂದಿಳಿದರು. ಅವರಲ್ಲಿ ಇಬ್ಬರು ನೇರವಾಗಿ ಕೊಟ್ರಬಸಪ್ಪನ ಮನೆಗೆ ಬಂದರು. ಒಬ್ಬ ಅಮರಾಪುರದ ದೊಡ್ಡಬೀರಪ್ಪ. ಅವನ ಕಾಲದಲ್ಲಿ ಮಡಕಶಿರದ ಕ್ಯಾಪ್ಟನ್, ಈಗ ಕುರಿ ಸಾಕುತ್ತಾನೆ. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದವನು ಕುಳಿತ ಮೇಲೂ ನಿಂತಂತೆಯೇ ಕಾಣುತ್ತಿದ್ದ. ಇನ್ನೊಬ್ಬಳು ಸೌಭಾಗ್ಯ, ಗುಡಿಬಂಡೆಯವಳು. ಹಿಂದೂಪುರದ ಗಾರ್ಮೆಂಟ್ಸ್‌ನಲ್ಲಿ ಒಂದಿಡೀ ಸಾಲಿನ ಮಿಷಿನ್ನುಗಳ ಮೇಲೆ ಸೂಪರ್‌ವೈಸರು. ಮಿಷಿನ್ನುಗಳ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಮೂರು ಮನೆಯಾಚೆಗೂ ಕೇಳುತ್ತಿತ್ತು.

ಸೌಭಾಗ್ಯ ಗೋಡೆಗೆ ತೂಗುಹಾಕಿದ್ದ ಅಂಗಿಗಳನ್ನು ಒಂದರಿಂದ ಹನ್ನೆರಡರವರೆಗೆ ಒಮ್ಮೆ ನೋಡಿದಳು. ಒಂದನೆಯದರ ಅಂಚು ಹಿಡಿದು ಎಳೆದು ನೋಡಿದಳು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಅಣ್ಣ, ಇದು ಸೈಜ್ ಪ್ರಕಾರ ಹಾಕಿರೋದು, ಅಲ್ವಾ?”

ಕೊಟ್ರಬಸಪ್ಪ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಇದನ್ನು ಹೊರಗೆ ಹೇಳಬಾರದಮ್ಮ ಎಂದು ಬೇಡಿಕೊಂಡ. ಹೇಳುವುದಿಲ್ಲ ಎಂದು ಅವಳು ಒಪ್ಪಿದಳು. ಆದರೆ ಸುಮ್ಮನೆ ಒಪ್ಪಲಿಲ್ಲ. “ನೀನು ಒಂದು ಆಟನಾದ್ರೂ ಪೂರ್ತಿ ನೋಡಿದ್ದೀಯಾ ಅಣ್ಣ?” ಎಂದು ಕೇಳಿದಳು. ಕೊಟ್ರಬಸಪ್ಪ ಮೇಲಿನ ತೊಲೆಯನ್ನು ನೋಡುತ್ತ, ನೋಡಿದ್ದನ್ನೆಲ್ಲ ಲೆಕ್ಕ ಇಡುವುದಕ್ಕಾಗುತ್ತದೆಯೇ ಎಂದ. ಹಾಗಾದರೆ ಯಾವ ಲೆಕ್ಕಕ್ಕೆ ಹೋದರೂ ತನಗೆ ಒಂದನೇ ನಂಬರೇ ಬರಬೇಕು ಎಂದಳು ಅವಳು. ಹೆಂಗಸರ ಆಟ ಬೇರೆ ಎಂದು ಅವನು ಗೊಣಗಿದಾಗ, ಬುಟ್ಟಿಯ ಎತ್ತರ ಇಬ್ಬರಿಗೂ ಒಂದೇ, ಬೇಕಿದ್ದರೆ ನಿನ್ನ ಟೇಪು ತಗೊಂಡು ಬಂದು ಅಳೆದುಕೋ ಎಂದಳು.

ದೊಡ್ಡಬೀರಪ್ಪ ಆಗ ಅವಳ ಪರವಾಗಿ ಒಂದು ಸಂಗತಿ ಹೇಳಿದ. ಜಿಲ್ಲೆಯ ಹೆಣ್ಣುಮಕ್ಕಳ ಫೈನಲ್ಲು. ಒಂದು ಪಾಯಿಂಟು ಹಿಂದೆ. ಎರಡು ಫ್ರೀ ಥ್ರೋ ಇವಳ ಕೈಗೆ ಬಂತು. ಸುತ್ತ ನಿಂತಿದ್ದ ಹುಡುಗರೆಲ್ಲ ಸೇರಿ ಕೂಗು ಹಾಕಿದರು. ಇವಳು ಬಾಲು ಎಸೆಯಲೇ ಇಲ್ಲ. ನೆಲಕ್ಕೆ ಕುಟ್ಟುತ್ತ, ಕೂಗುವವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ನಿಂತಳು. ಹೊತ್ತು ಮೀರಿದರೂ ರೆಫರಿಗೆ ವಿಷಲ್ ಊದುವುದು ಮರೆತುಹೋಯಿತು. ಒಬ್ಬೊಬ್ಬನೂ ನಾಚಿಕೊಂಡು ಬಾಯಿ ಮುಚ್ಚಿದ ಮೇಲೆ ಎರಡನ್ನೂ ಹಾಕಿದಳು. ಬಲೆಗೆ ಬಾಲು ಉಜ್ಜಿದ ಸದ್ದು ತನಗೆ ಗೇಟಿನ ಹತ್ತಿರ ನಿಂತಿದ್ದಾಗಲೂ ಕೇಳಿಸಿತು ಎಂದ ದೊಡ್ಡಬೀರಪ್ಪ.

ಕೊಟ್ರಬಸಪ್ಪನಿಗೆ ಆ ಕ್ಷಣದಲ್ಲಿ ಒಂದನೇ ನಂಬರನ್ನು ಬಿಚ್ಚಿ ಅವಳ ಅಂಗಿಗೆ ಹೊಲಿದುಬಿಡುವ ಮನಸ್ಸಾಯಿತು. ನಿನಗೆ ಎಷ್ಟನೆಯದು ಬೇಕಪ್ಪ ಎಂದು ದೊಡ್ಡಬೀರಪ್ಪನನ್ನೂ ಕೇಳಿದ.

“ನಂಗೆ ನಾಲ್ಕು ಹಾಕಣ್ಣ, ಸಾಕು,” ಎಂದ ದೊಡ್ಡಬೀರಪ್ಪ. ಅವನಿಗೆ ರ‍್ಯಾಂಕಿನ ಗಲಾಟೆಯ ಪೂರ್ತಿ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಆಡುವ ಕಾಲದಲ್ಲಿ ಹಾಕಿಕೊಳ್ಳುತ್ತಿದ್ದ ತನ್ನ ಕ್ಯಾಪ್ಟನ್ ನಂಬರನ್ನು ಕೇಳಿದ್ದ, ಅಷ್ಟೆ.

ಇದು ಕೊಟ್ರಬಸಪ್ಪನಿಗೆ ಹೇಗೆ ತಿಳಿಯಬೇಕು? ಊರೆಲ್ಲ ಒಂದನೇ ಸ್ಥಾನಕ್ಕೆ ಹೊಡೆದಾಡುತ್ತಿರುವಾಗ ಈ ಆರಡಿ ಮೀರಿದ ಮನುಷ್ಯ ತಾನಾಗಿಯೇ ನಾಲ್ಕನೇ ಸ್ಥಾನ ಸಾಕು ಎನ್ನುತ್ತಿದ್ದಾನೆ. ಅವನ ಕಣ್ಣಲ್ಲಿ ನೀರಾಡಿತು. ಗುರುಬಸಮ್ಮನಿಗೆ ಹೇಳಿ ಅವನಿಗೆ ಇನ್ನೊಂದು ಲೋಟ ಮಜ್ಜಿಗೆ ಕೊಡಿಸಿದ. ಅವರು ಎದ್ದುಹೋದದ್ದೇ ತಡ, ಟೀ ಅಂಗಡಿಗೆ ಹೋಗಿ, ವಿನಯ ಎಂದರೆ ಏನೆಂದು ಅಮರಾಪುರದವರನ್ನು ನೋಡಿ ಕಲಿಯಬೇಕು ಎಂದು ಎಲ್ಲರಿಗೂ ಕೇಳುವಂತೆ ಸಾರಿದ.

ಮಾತು ಗಂಗಾಧರಪ್ಪನವರಿಗೆ ಮುಟ್ಟಿತು. ಮೂವತ್ತು ವರ್ಷ ಕೂಡಿಟ್ಟಿದ್ದ ಸಿಟ್ಟನ್ನೆಲ್ಲ ಅವರು ಅವತ್ತು ಖರ್ಚು ಮಾಡಿದರು. ನಾಲ್ಕು ಕೇಳಿದನೇ, ಎಷ್ಟು ಸೊಕ್ಕು ಅವನಿಗೆ, ನಮ್ಮೂರಿಗೆ ಬಂದು ನಾಲ್ಕು ಕೇಳುವಷ್ಟು ದೊಡ್ಡವನಾದನೇ ಎಂದು ಓಣಿಯ ತುದಿಯಿಂದಲೇ ಶುರುಮಾಡಿಕೊಂಡು ಬಂದರು. ಒಂದನೆಯದನ್ನು ಕೇಳಿದರೆ ಜಗಳ, ನಾಲ್ಕನೆಯದನ್ನು ಕೇಳಿದರೂ ಜಗಳ. ಕೊಟ್ರಬಸಪ್ಪನಿಗೆ ತಲೆಬುಡ ತಿಳಿಯಲಿಲ್ಲ.

“ತಿಳಕೋರಿ ಮಾಸ್ತರ. ನಾಲ್ಕು ನಂದು,” ಎಂದರು ಗಂಗಾಧರಪ್ಪ. “ಹಾಕೋದಿದ್ರ ನನಗ ನಾಲ್ಕು ಹಾಕ್ರಿ. ಇಲ್ಲಾಂದ್ರ ನಾ ಕೋರ್ಟಿಗೆ ಕಾಲಿಡಂಗಿಲ್ಲ.”

ಇಬ್ಬರು ಕ್ಯಾಪ್ಟನ್ನರು ನಾಲ್ಕಕ್ಕೆ ಪಟ್ಟು ಹಿಡಿದಿದ್ದಾರೆ ಎಂದು ತಿಳಿದ ಮೇಲೆ ಹನುಮಂತರಾಯನಿಗೆ ತನ್ನ ಒಂದರ ಮೇಲೆ ಅನುಮಾನ ಹುಟ್ಟಿತು. ದೊಡ್ಡವರೆಲ್ಲ ನಾಲ್ಕು ಕೇಳುತ್ತಿರುವಾಗ ತನಗೆ ಒಂದು ಕೊಟ್ಟು ಮೂಲೆಗೆ ಕೂರಿಸಿದ್ದಾರೆ ಎಂದು ಅವನ ನಂಬಿಕೆ. ಅವನೂ ನಾಲ್ಕೇ ಬೇಕೆಂದು ಹೇಳಿಕಳಿಸಿದ. ಸೌಭಾಗ್ಯ ತಾನೂ ತನ್ನ ತಂಡದ ಕ್ಯಾಪ್ಟನ್ ಆಗಿದ್ದೆ ಎಂದು ನೆನಪಿಸಿದಳು. ಕತ್ತಲಾಗುವಷ್ಟರಲ್ಲಿ ಹನ್ನೆರಡು ಮಂದಿಗೂ ನಾಲ್ಕೇ ಬೇಕಾಗಿತ್ತು. ಕೊಟ್ರಬಸಪ್ಪನಿಗೆ ಬೆಳಕು ಹರಿದಂತಾಯಿತು. ಎಲ್ಲರೂ ಕೇಳುವುದು ಒಂದೇ ಆದರೆ ಕೊಡುವುದಕ್ಕೇನು ಕಷ್ಟ? ಮರುದಿನ ಕುಳಿತು ಹಳೆಯ ಅಂಕಿಗಳ ಹೊಲಿಗೆ ಬಿಚ್ಚಿ, ಹನ್ನೆರಡು ಅಂಗಿಗೂ ನಾಲ್ಕನ್ನು ಹೊಲಿದು, ಮತ್ತೆ ಹಗ್ಗಕ್ಕೆ ಹಾಕಿದ.

ಆ ಸಂಜೆ ಎಂಆರ್‌ಒ ಸಾಹೇಬರ ಜೀಪು ಆ ಬೀದಿಯಲ್ಲಿ ಬಂತು. ಮಂಡಲದ ಈ ದೊಡ್ಡ ಅಧಿಕಾರಿಯೇ ಮರುದಿನದ ಮುಖ್ಯ ಅತಿಥಿ. ನೆಲ್ಲೂರಿನ ಕಡೆಯವರು, ಕನ್ನಡವನ್ನು ತೆಲುಗಿನ ಆಸರೆಯಲ್ಲಿ ನಡೆಸುವವರು. ರ‍್ಯಾಂಕಿನ ಸುದ್ದಿ ಅವರ ಕಚೇರಿಗೂ ಹೋಗಿತ್ತು. ಜೀಪು ನಿಲ್ಲಿಸಿ ಹಗ್ಗವನ್ನು ನೋಡಿದರು.

“ಎಲ್ಲಾರೂ ನಾಲ್ಕಾ? ಮರಿ, ಒಂದು ಎರಡು ಮೂರು ಎವರು?” ಹಾಗಾದರೆ ಮೇಲಿನ ಮೂವರು ಯಾರು ಎಂಬುದು ಅವರ ಪ್ರಶ್ನೆ.

ಇಲ್ಲಾದರೂ ಗೊತ್ತಿಲ್ಲ ಎನ್ನಬಹುದಿತ್ತು. “ಅವು ಖಾಲಿ ಇಟ್ಟೀವ್ರಿ ಸಾರ್,” ಎಂದ ಕೊಟ್ರಬಸಪ್ಪ. “ಅರ್ಹತಿ ಇದ್ದೋರು ಸಿಗೋತನಕ.”

ಎಂಆರ್‌ಒ ಸಾಹೇಬರ ಮುಖದಲ್ಲಿ ತೃಪ್ತಿ ಮೂಡಿತು. ಮೇಲಿನ ಹುದ್ದೆಗಳನ್ನು ಖಾಲಿ ಇಟ್ಟು ಕೆಳಗಿನವರೆಲ್ಲರಿಗೂ ಒಂದೇ ದರ್ಜೆ ಕೊಡುವುದು ಅವರಿಗೆ ಚೆನ್ನಾಗಿ ಅರ್ಥವಾಗುವ ವಿಚಾರ. ಹೀಗೇ ಇರಲಿ ಎಂದು ಹೇಳಿ ಹೋದರು. ಆದರೆ ಊರಿಗೆ ಇದು ಅಷ್ಟು ಸುಲಭವಾಗಿ ಅರ್ಥವಾಗಲಿಲ್ಲ. ಮೇಲಿನ ಮೂರು ಜಾಗ ಯಾರಿಗೆ ಎಂಬ ಪ್ರಶ್ನೆ ಎದ್ದಿತು. ಬಸ್ ಸ್ಟ್ಯಾಂಡಿನಲ್ಲಿ ಯಾರೋ, ಅವು ಜಿಲ್ಲಾ ಕೇಂದ್ರದ ಅನಂತಪುರದವರಿಗೆ ಮೀಸಲು ಎಂದರು. ಅನಂತಪುರದವರು ಯಾವಾಗಲೂ ಹೀಗೇ ಎಂದು ಇನ್ನೊಬ್ಬರು ಸೇರಿಸಿದರು. ಪಾಪ, ಅನಂತಪುರದಲ್ಲಿ ಒಬ್ಬರಿಗೂ ಈ ಸಂಗತಿ ಗೊತ್ತಿರಲಿಲ್ಲ. ಆದರೂ ಆ ಮಾತು ಕಿವಿಗೆ ಬಿದ್ದ ಮೇಲೆ, ಪರಸ್ಪರ ಮುಖ ನೋಡದಿದ್ದ ಗಂಗಾಧರಪ್ಪ ಮತ್ತು ದೊಡ್ಡಬೀರಪ್ಪ ಒಂದೇ ಬೆಂಚಿನ ಮೇಲೆ ಕುಳಿತು ಟೀ ಕುಡಿದರು. ನಾಳೆ ಆಟ ಏನೆಂದು ತೋರಿಸಬೇಕು ಎಂಬಲ್ಲಿ ಇಬ್ಬರಿಗೂ ಎರಡು ಮಾತಿರಲಿಲ್ಲ.

ಮರುದಿನ ಸಂಜೆ ಕೋರ್ಟಿನ ಸುತ್ತ ಜನ ಕಿಕ್ಕಿರಿದರು. ಹಾರ, ಶಾಲು, ಭಾಷಣ ಎಲ್ಲ ಆಯಿತು. ಹನ್ನೆರಡು ನೀಲಿ ಅಂಗಿಗಳನ್ನು ಎರಡು ತಂಡ ಮಾಡುವುದಕ್ಕೆ ಕೊಟ್ರಬಸಪ್ಪನೇ ಜೀನ್ಸ್ ಪಟ್ಟಿ ತಂದು ಆರು ಮಂದಿಯ ತೋಳಿಗೆ ಕಟ್ಟಿದ. ಪಟ್ಟಿ ಕಟ್ಟಿದವರಲ್ಲಿ ಗಂಗಾಧರಪ್ಪ ಮತ್ತು ಸೌಭಾಗ್ಯ. ಕಟ್ಟದವರಲ್ಲಿ ಹನುಮಂತರಾಯ ಮತ್ತು ದೊಡ್ಡಬೀರಪ್ಪ.

ರೆಫರಿ ಕಲ್ಯಾಣದುರ್ಗದ ಡ್ರಿಲ್ ಮೇಷ್ಟ್ರು, ಕಟ್ಟುನಿಟ್ಟಿನ ಮನುಷ್ಯ. ಮೊದಲ ತಪ್ಪಿಗೆ ವಿಷಲ್ ಊದಿ, ನಾಲ್ಕನೇ ನಂಬರ್ ಫೌಲ್, ಕೈ ಎತ್ತಿ ಎಂದರು. ಯಾರೂ ಎತ್ತಲಿಲ್ಲ. ಜೋರು ಮಾಡಿದಾಗ ಕೋರ್ಟಿನಲ್ಲಿದ್ದ ಹತ್ತು ಮಂದಿಯೂ ಎತ್ತಿದರು. ಮೇಷ್ಟ್ರು ಸ್ವಲ್ಪ ಹೊತ್ತು ಆಕಾಶ ನೋಡಿದರು. ಆಮೇಲಿಂದ ದಪ್ಪ ನಾಲ್ಕು, ಉದ್ದ ನಾಲ್ಕು, ಮಂಡಿನೋವಿನ ನಾಲ್ಕು, ಜಡೆಯ ನಾಲ್ಕು ಎಂದು ಕರೆಯತೊಡಗಿದರು. ಮೇಜಿನ ಹತ್ತಿರ ಸ್ಕೋರು ಬರೆಯುತ್ತಿದ್ದ ಗುಮಾಸ್ತರಿಗೆ ಈ ಅನುಕೂಲವಿರಲಿಲ್ಲ, ಅವರ ಹಾಳೆಯಲ್ಲಿ ನಂಬರಿಗೆ ಮಾತ್ರ ಜಾಗ. ಅವರು ಯಾರು ಹಾಕಿದರೂ ನಾಲ್ಕನೇ ನಂಬರಿನ ಮುಂದೆಯೇ ಬರೆಯುತ್ತ ಹೋದರು.

ಶುರುವಿನಲ್ಲಿ ಜನ ನಕ್ಕರು. ಹನುಮಂತರಾಯ ಒಂದು ಸಲ ಓಡಿ ಎರಡು ಸಲ ನಿಲ್ಲುತ್ತಿದ್ದ. ದೊಡ್ಡಬೀರಪ್ಪನ ಪಂಚೆಯ ಅಭ್ಯಾಸದ ಕಾಲುಗಳು ಚಡ್ಡಿಯಲ್ಲಿ ನಾಚಿಕೊಳ್ಳುತ್ತಿದ್ದವು. ಆದರೆ ಬಾಲು ಕೈಯಿಂದ ಕೈಗೆ ಹೋಗುತ್ತ ಹೋಗುತ್ತ ಏನೋ ಆಯಿತು. ಮೈ ಮರೆತಿದ್ದನ್ನು ಕೈ ಮರೆತಿರಲಿಲ್ಲ. ದೊಡ್ಡಬೀರಪ್ಪ ಹಿಂದೆ ತಿರುಗಿಯೂ ನೋಡದೆ ಬೆನ್ನ ಹಿಂದಿನಿಂದ ಬಾಲು ಬಿಟ್ಟ. ಅದು ಹೋಗಿ ಸೇರಬೇಕಾದವನ ಎದೆಯ ಮುಂದೆಯೇ ಸೇರಿತು. ಸೌಭಾಗ್ಯ ಇಬ್ಬರ ನಡುವಿನ ಸಂದಿಯಲ್ಲಿ ಸೂಜಿಯಂತೆ ನುಗ್ಗಿ ಆಚೆ ಬಂದಳು. ನಗು ನಿಂತಿತು. ಕೊಟ್ರಬಸಪ್ಪ ತಾನು ಯಾವಾಗ ಎದ್ದು ನಿಂತೆ ಎಂಬುದನ್ನೇ ಅರಿಯ.

ಇನ್ನೇನು ಆಟ ಮುಗಿಯುತ್ತದೆ ಎನ್ನುವಾಗ ಬುಟ್ಟಿಯ ಕೆಳಗೆ ಹನುಮಂತರಾಯನ ಕೈಗೆ ಬಾಲು ಬಂತು. ಎದುರಿಗೆ ಗಂಗಾಧರಪ್ಪ. ಇಬ್ಬರೂ ಒಂದೇ ಊರಿನವರು, ಯಾವಾಗಲೂ ಒಂದೇ ತಂಡದವರು; ಹಾಕುವವನು ಮೇಲೋ ತಡೆಯುವವನು ಮೇಲೋ ಎಂದು ಊರು ವರ್ಷಗಟ್ಟಲೆ ವಾದ ಮಾಡಿತ್ತು, ಆದರೆ ಅವರು ಎದುರುಬದುರಾದದ್ದನ್ನು ಯಾರೂ ಕಂಡಿರಲಿಲ್ಲ. ಹನುಮಂತರಾಯ ಬೆನ್ನಿನಿಂದ ನೂಕಿದ. ಆ ಭಾರಕ್ಕೆ ಗೋಡೆಯೂ ಸರಿಯಬೇಕಿತ್ತು. ಗಂಗಾಧರಪ್ಪ ಸರಿಯಲಿಲ್ಲ. ಹನುಮಂತರಾಯ ಎಡಕ್ಕೆ ವಾಲಿ, ಬಲಕ್ಕೆ ತಿರುಗಿ, ಅಂಥ ಶರೀರದಲ್ಲಿ ಅಡಗಿದೆಯೆಂದು ಯಾರೂ ಊಹಿಸದಿದ್ದ ಹಗುರದಿಂದ ಬಾಲನ್ನು ಮೇಲಕ್ಕೆ ಬಿಟ್ಟ. ಗಂಗಾಧರಪ್ಪ ಹಾರಲಿಲ್ಲ, ಹಾರುವ ಮಂಡಿ ಅವರಿಗೆ ಉಳಿದಿರಲಿಲ್ಲ. ಕೈ ಚಾಚಿದರು. ಬೆರಳ ತುದಿ ತಾಗಿತೋ ಇಲ್ಲವೋ, ಬಾಲು ರಿಂಗಿನ ಮೇಲೆ ಒಂದು ಸುತ್ತು ಹಾಕಿ ಹೊರಗೆ ಬಿತ್ತು. ಅದನ್ನು ದೊಡ್ಡಬೀರಪ್ಪ ಗಾಳಿಯಲ್ಲೇ ಹಿಡಿದ. ಕೆಳಗಿಳಿಸುವಷ್ಟರಲ್ಲಿ ಸೌಭಾಗ್ಯ ಅವನ ಕೈಯಿಂದ ಕಿತ್ತುಕೊಂಡು ಓಡಿದಳು, ಕೋರ್ಟಿನ ನಡುವಿನ ಗೆರೆಯಿಂದಲೇ ಎಸೆದಳು.

ಬಾಲು ಬಲೆಯನ್ನು ಉಜ್ಜಿಕೊಂಡು ಇಳಿಯಿತು. ಆ ಸದ್ದು ಕೊಟ್ರಬಸಪ್ಪನಿಗೆ ಚೆನ್ನಾಗಿ ಕೇಳಿಸಿತು.

ಮೊದಲು ಅವಳ ಕಡೆಗೆ ಓಡಿ ಬಂದವರು ಎದುರು ತಂಡದವರು. ಹನುಮಂತರಾಯ ಏದುಸಿರಿನಲ್ಲೇ ಗಂಗಾಧರಪ್ಪನವರ ಕೈ ಹಿಡಿದು ಆ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದ. ಗೆದ್ದವರು ಯಾರು ಎಂದು ಎಂಆರ್‌ಒ ಸಾಹೇಬರು ಮೇಜಿನವರನ್ನು ಕೇಳಿದರು. ಗುಮಾಸ್ತರು ಕೂಡಿ ನೋಡಿದರು. ಎರಡೂ ತಂಡದ ಅಷ್ಟೂ ಪಾಯಿಂಟು ಒಂದೇ ನಂಬರಿನ ಮುಂದೆ ಇದ್ದವು. ಬೇರ್ಪಡಿಸುವ ದಾರಿ ಇರಲಿಲ್ಲ. ಎಂಆರ್‌ಒ ಸಾಹೇಬರು ತುಸು ಯೋಚಿಸಿ ಮೈಕಿನ ಮುಂದೆ ಬಂದು, ನಾಲ್ಕನೇ ನಂಬರಿನವರು ಗೆದ್ದಿದ್ದಾರೆ ಎಂದು ಪ್ರಕಟಿಸಿದರು. ಆ ಮೈದಾನದಲ್ಲಿ ಅಷ್ಟು ಚಪ್ಪಾಳೆ ಅದಕ್ಕೂ ಮುಂಚೆ ಬಿದ್ದಿರಲಿಲ್ಲ.

ಮಡಕಶಿರದವರು ಬಸ್ಸು ಹತ್ತುವಾಗ ಸೌಭಾಗ್ಯ ಕಿಟಕಿಯಿಂದ ಕೊಟ್ರಬಸಪ್ಪನನ್ನು ಕರೆದು, ಈಗ ಹೇಳಣ್ಣ, ಯಾರು ದೊಡ್ಡೋರು ಎಂದು ಕೇಳಿದಳು. ಬಸ್ಸಿನ ಸದ್ದಿನಲ್ಲಿ ಅವನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲ. ಅವನಾದರೂ ಏನು ಹೇಳಿದ ಎಂದರೆ, ಇನ್ನೊಂದು ಆಟ ಇಡಿಸ್ತೀನಿ ಬರ‍್ರವ್ವ ಎಂದಿದ್ದ.

ಮನೆಗೆ ಬಂದು ಊಟಕ್ಕೆ ಕುಳಿತವನಿಗೆ ರೊಟ್ಟಿಯ ಮೇಲೆ ಗಮನವಿರಲಿಲ್ಲ. ಖಾಲಿ ಇಟ್ಟ ಮೂರು ಜಾಗವನ್ನು ಇವತ್ತು ತುಂಬಿಸಲೇಬೇಕು ಎಂದ. ಮೊದಲನೆಯದು ಸೌಭಾಗ್ಯಳದು, ಅದರಲ್ಲಿ ಮಾತೇ ಇಲ್ಲ; ಎರಡನೆಯದು ದೊಡ್ಡಬೀರಪ್ಪನದು. ಗುರುಬಸಮ್ಮ ಪಲ್ಯ ಬಡಿಸುತ್ತಿದ್ದವಳು ಸೌಟು ನಿಲ್ಲಿಸಿದಳು. ಅವಳೂ ಪಕ್ಕದ ಮನೆಯವಳ ಜೊತೆ ಮೈದಾನಕ್ಕೆ ಬಂದು ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು. ಮೊದಲನೆಯದು ಗಂಗಾಧರಪ್ಪನವರದು ಎಂದಳು. ಕೊಟ್ರಬಸಪ್ಪ ಅವಳಿಗೆ ಆಟದ ಸೂಕ್ಷ್ಮ ತಿಳಿಸಲು ಹೊರಟ.

“ನೀವು ಬಾಲಿನ ಹಿಂದ ಹೋದ್ರಿ,” ಎಂದಳು ಅವಳು. “ನಾ ಆ ಮನಿಷ್ಯಾನ ಮೊಣಕಾಲು ನೋಡ್ಕಂತ ಕುಂತಿದ್ದೆ. ಎರಡೂ ಗಡಗಡ ನಡಗ್ತಿದ್ವು. ಹಿಂದಕ ಒಂದ್ ಹೆಜ್ಜಿ ಇಡ್ಲಿಲ್ಲ.”

ಕೊಟ್ರಬಸಪ್ಪ ನಡುಗುವ ಮೊಣಕಾಲಿಗೆ ಪಾಯಿಂಟು ಇಲ್ಲ ಎಂದ. ಅದಕ್ಕೇ ಇರಬೇಕು ಎಂದಳು ಗುರುಬಸಮ್ಮ. ದನಿಗಳು ಏರಿದವು. ಪಕ್ಕದ ಮನೆಯ ಉಜ್ಜಿನಮ್ಮ, ಇಷ್ಟು ವರ್ಷದಲ್ಲಿ ಆ ಮನೆಯಿಂದ ಜಗಳದ ಸದ್ದು ಕೇಳದವಳು, ಬಿಡಿಸುವುದಕ್ಕೆಂದು ಕೈಯಲ್ಲಿದ್ದ ಪೊರಕೆಯ ಸಮೇತ ಓಡಿ ಬಂದಳು. ಗಂಡಹೆಂಡಿರ ನಡುವೆ ನಿಂತು ವಿಷಯವೇನೆಂದು ವಿಚಾರಿಸಿದಳು. ಇಬ್ಬರೂ ಹೇಳಿದ್ದನ್ನು ಪೂರ್ತಿ ಕೇಳಿದಳು. ಪೊರಕೆಯನ್ನು ಗೋಡೆಗೆ ಒರಗಿಸಿ, ಹೊಲಿಗೆ ಮಿಷಿನ್ನಿನ ಸ್ಟೂಲು ಎಳೆದುಕೊಂಡು ಕುಳಿತಳು.

“ಅಲ್ಲ, ಆ ದಪ್ಪನ್ನಾವ ಏನು ಕಡಿಮಿ ಆದ?” ಎಂದಳು.